ಮೂವತ್ತಮೂರನೆಯ ಅಗರು ಮಣಿ

ಬಾಬುಲಾಲ ಪಟವೇಗಾರ ಅವತ್ತು ಬಸವನ ಬಾಗೇವಾಡಿಯ ಬಸ್ಸು ಹತ್ತಿದ್ದು ಕೊನೆಯ ಸಲ. ನಾಳೆಯಿಂದ ಕೆಲಸ ಬಿಟ್ಟೆ ಅಂತ ಹೆಂಡತಿಗೆ ಹೇಳಿಯಾಗಿತ್ತು, ಕಣ್ಣಿನ ಡಾಕ್ಟರಿಗೆ ಹೇಳಿಯಾಗಿತ್ತು. ತನ್ನ ಬೆರಳುಗಳಿಗೆ ಮಾತ್ರ ಇನ್ನೂ ಹೇಳಿರಲಿಲ್ಲ. ಅವು ತಮ್ಮ ಪಾಡಿಗೆ ಬಸ್ಸಿನ ಹರಿದ ಸೀಟಿನಿಂದ ಹೊರಬಂದ ದಾರವನ್ನು ಹಿಡಿದು ಹೊಸೆಯುತ್ತಿದ್ದವು.

ಪಟವೇಗಾರರ ಕಸುಬೆಂದರೆ ಸರ ಪೋಣಿಸುವುದು. ಚಿನ್ನ ಅಕ್ಕಸಾಲಿಗನದು, ಕೊರಳು ಗಿರಾಕಿಯದು, ನಡುವಿನ ದಾರ ಮತ್ತು ಗಂಟು ಮಾತ್ರ ಇವರದು. ಕಾಲಿನ ಹೆಬ್ಬೆರಳಿಗೆ ರೇಷ್ಮೆ ದಾರ ಸಿಕ್ಕಿಸಿಕೊಂಡು, ಬೆನ್ನು ಬಾಗಿಸಿ, ಬಾಬುಲಾಲ ನಲವತ್ತು ವರ್ಷ ಸರಾಫ ಅಂಗಡಿಗಳ ಕಟ್ಟೆಯ ಮೇಲೆ ಕೂತಿದ್ದ. ಒಂದು ದಿನ ಇಂಡಿ, ಒಂದು ದಿನ ಮುದ್ದೇಬಿಹಾಳ, ಒಂದು ದಿನ ಬಾಗೇವಾಡಿ, ಉಳಿದ ದಿನ ತನ್ನ ಊರು ಸಿಂದಗಿ. ಬೋರಮಾಳ, ಗುಂಡಿನ ಸರ, ತಾಳಿ, ಯಾವುದು ಹರಿದರೂ ಅವನ ಹತ್ತಿರವೇ ಬರಬೇಕು. ನಾಲ್ಕು ತಾಲೂಕಿನ ಹೆಂಗಸರ ಕೊರಳಿನ ಅಳತೆ ಅವನ ಬೆರಳಲ್ಲಿತ್ತು. ಈಗ ಸೊಂಟ ಹೋಗಿತ್ತು, ಮೊಣಕಾಲು ಹೋಗಿತ್ತು, ಸೂಜಿಯ ಕಣ್ಣು ಮೂರು ಮೂರಾಗಿ ಕಾಣುತ್ತಿತ್ತು.

ಮೋರಟಗಿಯ ನಜಮಾಳನ್ನು ಮದುವೆಯಾದ ಹೊಸತರಲ್ಲಿ ಅವಳೊಮ್ಮೆ ಕೇಳಿದ್ದಳು.

"ಮಂದಿ ಕೊರಳಿಗೆಲ್ಲಾ ಪೋಣಿಸ್ತೀರಿ. ನನ್ನ ಕೊರಳಿಗೆ ಯಾವಾಗ್ರಿ?"

"ಈ ನಾಲ್ಕು ತಾಲೂಕಿನ್ಯಾಗ ಯಾರ ಕೊರಳಾಗೂ ಇರಬಾರ್ದು, ಅಂಥಾ ಸರ ಮಾಡ್ತೇನಿ ನೋಡು," ಎಂದಿದ್ದ ಬಾಬುಲಾಲ. ಹೊಸ ಗಂಡ, ಬಾಯಿಗೆ ಬೇಲಿ ಎಲ್ಲಿರುತ್ತದೆ? ನಜಮಾ ನಾಲ್ಕೈದು ವರ್ಷ ಕೇಳಿದಳು. ಆಮೇಲೆ ಕೇಳುವ ಬದಲು ನಗುತ್ತಿದ್ದಳು. ಆಮೇಲೆ ನಗುವುದನ್ನೂ ಬಿಟ್ಟಳು. ಕೇಳಿದ್ದಕ್ಕಿಂತ, ಬಿಟ್ಟದ್ದೇ ಅವನಿಗೆ ಹೆಚ್ಚು ಚುಚ್ಚಿತು.

ದಾರಿ ತೋರಿಸಿದ್ದು ಮುಳವಾಡದ ಅಬ್ದುಲಗನಿ. ಅರಬ ದೇಶದಲ್ಲಿ ಲಾರಿ ಓಡಿಸಿ ಬಂದವನು, ಕೈಯಲ್ಲಿ ಕಂದು ಬಣ್ಣದ ಮಣಿಗಳ ಒಂದು ಸರ. "ಇದು ಅಲ್ಲಿಯವರ ಕೈ ಅಳತಿ, ನನಗ ಕಳಚಿ ಬೀಳತೈತಿ. ಎರಡು ಮಣಿ ತಗದು ಕಟ್ಟಿಕೊಡು," ಎಂದ. ಬಾಬುಲಾಲ ಬಿಚ್ಚಿದ, ಎರಡು ತೆಗೆದ, ಬಿಗಿದ. ಕೆಲಸ ಮುಗಿಯುವಷ್ಟರಲ್ಲಿ ಅವನ ಅಂಗೈಯಿಂದ ಒಂದು ಪರಿಮಳ ಏಳತೊಡಗಿತ್ತು. ಹಳೇ ಕಟ್ಟಿಗೆ ಪೆಟ್ಟಿಗೆ ತೆರೆದ ಹಾಗೆ, ಒಂದಿಷ್ಟು ಬೆಲ್ಲ, ಒಂದಿಷ್ಟು ಹೊಗೆ. ಅಗರು ಮರದ ಮಣಿ ಅದು. ಅಬ್ದುಲಗನಿ ಅದಕ್ಕೆ ಊದ್ ಎಂದ. ಕೂಲಿ ಬೇಡ, ಉಳಿದದ್ದರಲ್ಲಿ ಒಂದು ಮಣಿ ಕೊಡು ಎಂದು ಬಾಬುಲಾಲ ಕೇಳಿದ. ಇಪ್ಪತ್ತೇಳು ವರ್ಷದ ಹಿಂದಿನ ಮಾತು ಇದು.

ಅಲ್ಲಿಂದ ಅದೇ ರೂಢಿಯಾಯಿತು. ದೂರದ ದೇಶದಿಂದ ಬಂದ ಸರ ನಮ್ಮ ಕಡೆಯವರ ಕೈಗೆ ದೊಗಳೆಯಾಗುವುದು ಖಾತ್ರಿ. ತೆಗೆದ ಮಣಿಯಲ್ಲಿ ಒಂದು ಬಾಬುಲಾಲನ ಕೂಲಿ. ಹಾಗಂತ ಬಂದದ್ದೆಲ್ಲ ಅಸಲಿಯಲ್ಲ. ದೂರದಿಂದಲೇ ಘಮಘಮ ಎನ್ನುವ ಮಣಿ ಖೋಟಾ, ಅತ್ತರಿನಲ್ಲಿ ಅದ್ದಿ ತೆಗೆದದ್ದು. ಅಸಲಿಗೆ ಮೊದಲು ವಾಸನೆಯೇ ಇರುವುದಿಲ್ಲ. ಮುಷ್ಟಿಯಲ್ಲಿ ಬಿಗಿಹಿಡಿದು ಕೂಡಬೇಕು, ಮೈಯ ಬಿಸಿ ಒಳಗಿಳಿಯಬೇಕು, ಆಮೇಲೆ ಸಾವಕಾಶವಾಗಿ ಬಿಟ್ಟುಕೊಡುತ್ತದೆ. ಅಂಥದ್ದು ವರ್ಷಕ್ಕೆ ಒಂದೋ ಎರಡೋ ಸಿಕ್ಕರೆ ಹೆಚ್ಚು. ಎಷ್ಟೋ ಹಗಲು ಅವನು ಖೋಟಾ ಮಣಿಗಳನ್ನು ಮುಷ್ಟಿಯಲ್ಲಿ ಹಿಡಿದು ಕೂತು, ಗಿರಾಕಿಯ ಮನಸ್ಸು ನೋಯಬಾರದೆಂದು ಚಲೋ ಐತಿ ಅಂತ ವಾಪಸು ಕೊಟ್ಟಿದ್ದುಂಟು.

ಮಣಿಗಳು ಮನೆಯಲ್ಲಿ, ಹಲ್ಲುಪುಡಿಯ ಹಳೇ ತಗಡಿನ ಡಬ್ಬಿಯಲ್ಲಿರುತ್ತಿದ್ದವು. ಜೊತೆಗೆ ಒಂದು ಹಸಿರು ರೇಷ್ಮೆ ದಾರ. ನಜಮಾ ಮಧ್ಯಾಹ್ನ ಮಲಗಿದ್ದಾಗ ಕಳ್ಳನ ಹಾಗೆ ಅವಳ ಕೊರಳಿನ ಅಳತೆ ಹಿಡಿದ ದಾರ ಅದು. ಮಣಿ ಮಣಿಗೂ ಒಂದು ಗಂಟು ಎಂದು ಲೆಕ್ಕ ಹಾಕಿದರೆ ಮೂವತ್ತಮೂರು ಬೇಕಿತ್ತು. ಪೂರ್ತಿಯಾಗುವವರೆಗೆ ಬಾಯಿ ಬಿಡಬಾರದೆಂದು ನಿಶ್ಚಯಿಸಿದ್ದ. ಒಮ್ಮೆ ಬಾಯಿಬಿಟ್ಟು ಆಗಿದ್ದ ಅವಮಾನವೇ ಸಾಕಾಗಿತ್ತು. ಡಬ್ಬಿಯಲ್ಲಿ ಏನೈತಿ ಎಂದು ನಜಮಾ ಕೇಳಿದಾಗ, "ಹರದ ಸರದ ಊದಿನ ಮಣಿ. ಹಬ್ಬಕ್ಕ ಸುಡಾಕ ಇಟ್ಟೇನಿ," ಎಂದುಬಿಟ್ಟ. ಊದ್ ಕೆಂಡಕ್ಕೆ ಹಾಕುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ನಜಮಾ ನಂಬಿದಳು.

ಬಾಗೇವಾಡಿಗೆ ಹೊರಟ ದಿನ ಡಬ್ಬಿಯಲ್ಲಿ ಮೂವತ್ತೆರಡಿದ್ದವು. ಉಳಿದ ಒಂದಕ್ಕೆ ಎರಡು ವರ್ಷದಿಂದ ಕಾದಿದ್ದ. ಇವತ್ತು ಸಿಗದಿದ್ದರೆ ಇನ್ನು ಯಾರು ತಂದುಕೊಡಬೇಕು? ಮಧ್ಯಾಹ್ನದವರೆಗೆ ಎರಡು ತಾಳಿ, ಒಂದು ಗುಂಡಿನ ಸರ ಬಂದವು, ಅಷ್ಟೇ. ಚೀಲ ಕಟ್ಟಬೇಕು ಎನ್ನುವಾಗ ಹೂವಿನ ಹಿಪ್ಪರಗಿಯ ರಾವಸಾಬ ಮಾಸ್ತರರು ಕಟ್ಟೆಯ ಹತ್ತಿರ ಬಂದರು. ಕಾಯಿಲೆ ಬಿದ್ದು ಎದ್ದವರು, ಅಂಗಿಯೊಳಗೆ ಮೈಯೇ ಇರಲಿಲ್ಲ. ಮಣಿಕಟ್ಟಿನಲ್ಲಿ ಕಂದು ಸರವೊಂದು ಮೊಣಕೈವರೆಗೆ ಜಾರುತ್ತಿತ್ತು.

"ನನ್ನ ಸಾಲ್ಯಾಗ ಕಲಿತ ಹುಡುಗ ಒಬ್ಬಾಂವ ಪರದೇಶದಿಂದ ತಂದಕೊಟ್ಟಿದ್ದ. ಕೈ ಸಣ್ಣ ಆಗೇತಿ ಬಾಬುಲಾಲ, ಎರಡು ಮಣಿ ತಗದಬಿಡು."

ಬಾಬುಲಾಲ ತೆಗೆದ ಎರಡನ್ನೂ ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿದ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಬಂತು.

"ಕೂಲಿ ಬ್ಯಾಡ್ರಿ ಮಾಸ್ತರ್ರ. ಒಂದು ಮಣಿ ಕೊಡ್ರಿ."

"ಎರಡೂ ಇಟ್ಕೋ ಮಾರಾಯಾ, ನಾ ಏನ ಮಾಡ್ಲಿ?"

"ಒಂದ ಸಾಕ್ರಿ," ಎಂದ ಬಾಬುಲಾಲ, ಇನ್ನೊಂದನ್ನು ಅವರ ಜೇಬಿಗೆ ಹಾಕಿದ. ಲೆಕ್ಕ ಮೂವತ್ತಮೂರರದು, ಮೂವತ್ತನಾಲ್ಕರದಲ್ಲ. ಅಷ್ಟು ನೇಮದ ಮನುಷ್ಯ. ಆ ನೇಮ ಅವನಿಗೇ ಮುಳುವಾಗುತ್ತದೆಂದು ಯಾರಿಗೆ ಗೊತ್ತಿತ್ತು?

ಸಿಂದಗಿಯ ಬಸ್ಸು ದಾರಿಯಲ್ಲಿ ಕೆಟ್ಟು ನಿಂತು ತಡವಾಯಿತು. ಓಣಿಯ ತಿರುವಿನಲ್ಲೇ ಅವನಿಗೆ ವಾಸನೆ ಬಡಿಯಿತು. ಮುಷ್ಟಿಯಲ್ಲಿ ಹನಿಹನಿಯಾಗಿ ಕಂಡಿದ್ದ ಆ ಪರಿಮಳ ಈಗ ಓಣಿಯ ತುಂಬ ನಿಂತಿತ್ತು. ಅವನಿಗೆ ಗೊತ್ತಾಯಿತು. ಗೊತ್ತಾದರೂ ಮನೆಯತನಕ ನಡೆಯಲೇಬೇಕಲ್ಲ.

ನಜಮಾ ಬಾಗಿಲಲ್ಲಿದ್ದಳು. "ಕೈಕಾಲು ತೊಳಕೊಂಡು ಬರ್ರಿ. ನಿಮ್ಮ ದುಡಿಮಿ ಇವತ್ತ ಮುಗೀತಲ್ಲ, ಅದಕ್ಕ ಊದ್ ಹಾಕೇನಿ."

"ಡಬ್ಬ್ಯಾಂದೇನು?"

"ಹೂಂನ್ರಿ. ಹಬ್ಬಕ್ಕ ಅಂತಿದ್ರಿ, ಯಾವ ಹಬ್ಬಕ್ಕೂ ತಗೀಲಿಲ್ಲ. ನೀವು ಮನ್ಯಾಗ ಕೂಡೂದಕ್ಕಿಂತ ದೊಡ್ಡ ಹಬ್ಬ ಯಾವದೈತಿ ನನಗ?"

"ಎಲ್ಲಾ ಹಾಕಿದಿ?"

"ಬಸ್ ಈಗ ಬರತೈತಿ, ಆಗ ಬರತೈತಿ ಅಂತ ಒಂದೊಂದ ಹಾಕ್ಕೊಂತ ಕುಂತಿದ್ದೆ. ಮುಗದ್ವು."

ಅವನಿಗೆ ಸಿಟ್ಟು ಬಂತು. ಆದರೆ ಸಿಟ್ಟು ಮಾಡಲಿಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು. ಚೀಲ ಇಳಿಸಿ ಗೋಡೆಗೆ ಒರಗಿ ಕೂತ. ತಟ್ಟೆಯ ಕೆಂಡದ ಮೇಲೆ ಮಣಿಗಳ ಬೂದಿಯಷ್ಟೇ ಇತ್ತು. ತಾನು ಹೇಳಿದ ಸುಳ್ಳನ್ನು ಅವಳು ಇಷ್ಟು ವರ್ಷ ಜೋಪಾನ ಮಾಡಿ, ಇವತ್ತು ತನಗಾಗಿಯೇ ಖರ್ಚು ಮಾಡಿದ್ದಳು. ಯಾರನ್ನು ಬೈಯುವುದು?

"ಡಬ್ಬ್ಯಾಗ ಹಸರ ದಾರ ಇತ್ತಲ್ಲ?"

"ಅದನ್ಯಾಕ ಸುಡ್ಲಿ? ಇಟ್ಟೇನಿ." ಎದ್ದುಹೋಗಿ ತಂದುಕೊಟ್ಟಳು.

ಬಾಬುಲಾಲ ಜೇಬಿನ ಮಣಿ ತೆಗೆದ. ದಾರದ ತುದಿ ಎರಡು ಸಲ ತಪ್ಪಿತು. "ಕೊಡ್ರಿ ಇಲ್ಲೆ," ಎಂದು ನಜಮಾ ಕೈ ಚಾಚಿದಳು, ಅವನು ಕೊಡಲಿಲ್ಲ. ಮೂರನೆಯ ಸಲ ಹೋಯಿತು. ಹೆಬ್ಬೆರಳಿಗೆ ಸಿಕ್ಕಿಸಿ ಮಣಿಯ ಎರಡೂ ಕಡೆ ಗಂಟು ಹಾಕಿದ, ಅವಳ ಕೊರಳಿಗೆ ಕಟ್ಟಿದ. ಎರಡು ಬೆರಳಷ್ಟು ದೊಗಳೆಯಾಯಿತು. ಅಳತೆ ತಪ್ಪಿರಲಿಲ್ಲ, ದಾರ ಹಾಗೇ ಇತ್ತು, ಕೊರಳು ಸಣ್ಣದಾಗಿತ್ತು.

"ಇದೇನ್ರಿ?"

"ಸರ. ಮಾಡಿಕೊಡ್ತೇನಿ ಅಂದಿದ್ದೆನಲ್ಲ."

"ಒಂದ ಮಣಿದ?" ನಜಮಾ ಎಷ್ಟೋ ವರ್ಷದ ಮೇಲೆ ನಕ್ಕಳು. ಮಣಿ ಮುಟ್ಟಿದ ಬೆರಳು ಮೂಸಿದಳು. "ವಾಸನಿನೂ ಇಲ್ಲ."

"ಮುಷ್ಟ್ಯಾಗ ಬಿಗಿಹಿಡಿ. ಸಾವಕಾಶ ಬರತೈತಿ."

ಹಿಡಿದಳು. ಕೆಂಡ ಆರಿತು, ಮನೆಯೊಳಗಿನ ಹೊಗೆ ತೆಳುವಾಯಿತು. ಸ್ವಲ್ಪ ಹೊತ್ತಿಗೆ ಅವಳು ಮುಷ್ಟಿ ಬಿಚ್ಚಿ ಅಂಗೈ ಮೂಸಿದಳು, ಬೂದಿಯ ತಟ್ಟೆಯನ್ನು ನೋಡಿದಳು, ಮತ್ತೆ ಅಂಗೈ ಮೂಸಿದಳು. ಮುಖದ ಮೇಲಿನ ನಗು ಇಳಿಯಿತು.

"ಡಬ್ಬ್ಯಾಗ ಎಷ್ಟಿದ್ದವು ಅವು?"

"ಮೂವತ್ತೆರಡು."

"ನನಗ ಹೇಳಬಾರದಿತ್ತೇನ್ರಿ?"

"ಹೇಳಬೇಕಿತ್ತು," ಎಂದ ಬಾಬುಲಾಲ.

ನಜಮಾ ಚಹಾ ಮಾಡಲಿಕ್ಕೆ ಎದ್ದಳು. ಕೊರಳಿನ ಮಣಿಯನ್ನು ಮತ್ತೆ ಹಿಡಿದ ಮುಷ್ಟಿಯನ್ನು ಬಿಡಲಿಲ್ಲ. ಒಲೆ ಹಚ್ಚಿದ್ದು, ಸಕ್ಕರೆ ಹಾಕಿದ್ದು, ಸೋಸಿದ್ದು ಎಲ್ಲ ಒಂದೇ ಕೈಯಲ್ಲಿ.