ನಾಲ್ವರು ಶುರು ಮಾಡುವ ಮುನ್ನ

ರೇಡಿಯೊ ನಿಲಯದ ನೆಲಮಾಳಿಗೆಯಲ್ಲಿ ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ಅವಳದು. ಇಪ್ಪತ್ತಾರು ವರ್ಷಗಳಿಂದ ಅದೇ ಕೋಣೆ, ಅದೇ ಕುರ್ಚಿ. ಬೇರೆಯವರಿಗೆ ಬರೀ ಗೊರಗೊರ ಎಂದು ಕೇಳುವ ಟೇಪಿನಲ್ಲಿ ಅವಳಿಗೆ ಪಕ್ಕದ ಕೋಣೆಯಲ್ಲಿ ಯಾರೋ ಮೇಜು ಎಳೆದದ್ದೂ ಗೊತ್ತಾಗುತ್ತಿತ್ತು. ಮೇಲಿನ ಮಹಡಿಯವರು ಅವಳನ್ನು ಕರೆಯುತ್ತಿದ್ದದ್ದೇ 'ಕಿವಿಯಕ್ಕ' ಎಂದು.

ಅವಳ ಅಣ್ಣ ತೀರಿಕೊಂಡು ಐದು ವಾರವಾಗಿತ್ತು. ಬೆಳಿಗ್ಗೆ ಶೂ ಕಟ್ಟಿಕೊಳ್ಳಲು ಬಗ್ಗಿದವನು ಹಾಗೆಯೇ ಪಕ್ಕಕ್ಕೆ ವಾಲಿದ್ದ. ಅವಳಿಗೆ ಮದುವೆಯಾಗಿರಲಿಲ್ಲ, ಅಣ್ಣ ಅತ್ತಿಗೆಯ ಮನೆಯೇ ಅವಳ ಮನೆ. ಆದರೂ ನಾಲ್ಕನೆಯ ದಿನವೇ ಕೆಲಸಕ್ಕೆ ಹೊರಟಳು. ಕಣ್ಣಲ್ಲಿ ಒಂದು ಹನಿ ಬಂದಿರಲಿಲ್ಲ. ನೆಂಟರು 'ಕಲ್ಲು ಗುಂಡಿಗೆ' ಎಂದು ಆಡಿಕೊಂಡರು. ಆ ಕಿವಿಗೆ ಬೀಳದ ಮಾತುಂಟೆ? ಬಿತ್ತು, ಆದರೆ ನಾಟಲಿಲ್ಲ. ಹಲ್ಲು ಕೀಳುವ ಮೊದಲು ಕೊಡುವ ಇಂಜೆಕ್ಷನ್ನಿನ ಜೋಮು ದವಡೆಯಲ್ಲಿ ನಿಲ್ಲದೆ ಮೈಗೆಲ್ಲ ಹರಡಿದ ಹಾಗಿತ್ತು ಅವಳಿಗೆ.

ಹೀಗಿರುವಾಗ ನಿಲಯದ ನಿರ್ದೇಶಕರು ಏಳು ಟೇಪುಗಳ ಪೆಟ್ಟಿಗೆ ಹಿಡಿದು ಕೆಳಗೆ ಬಂದರು. ಈಗ ದೊಡ್ಡ ಹೆಸರಾಗಿರುವ ಒಬ್ಬ ಪಿಟೀಲು ವಾದಕರು ಇಪ್ಪತ್ತೆರಡರ ಹರೆಯದಲ್ಲಿ ಇದೇ ನಿಲಯದಲ್ಲಿ ನುಡಿಸಿದ ಸಂಗೀತ ಅದು; ನಿಲಯ ಅದನ್ನೀಗ ಸಿ.ಡಿ.ಯಾಗಿ ಹೊರತರಲಿತ್ತು. ಎರಡು ಪಿಟೀಲು, ಅದಕ್ಕಿಂತ ತುಸು ದೊಡ್ಡದಾದ ಒಂದು ವಯೋಲಾ, ಮಂಡಿಗಳ ನಡುವೆ ಇಟ್ಟು ನುಡಿಸುವ ದಪ್ಪ ದನಿಯ ಒಂದು ಚೆಲ್ಲೊ, ನಾಲ್ಕೇ ವಾದ್ಯ; ದೊಡ್ಡ ಸಭೆಗಲ್ಲ, ಕೋಣೆಯಲ್ಲಿ ಕೂತು ಕೇಳಲೆಂದೇ ಬರೆದದ್ದು. ಅದರಲ್ಲಿ ಚೆಲ್ಲೊ ಅವಳ ಅಣ್ಣನದು.

"ನಿಮ್ಮಣ್ಣನೂ ಇದಾರೆ ಇದರಲ್ಲಿ," ಎಂದರು ನಿರ್ದೇಶಕರು, ಪೆಟ್ಟಿಗೆಯನ್ನು ಮೇಜಿನ ಮೇಲೆ ಇಡಲೋ ಬೇಡವೋ ಎನ್ನುವಂತೆ. "ಕಷ್ಟ ಅನ್ನಿಸಿದ್ರೆ ಹೇಳಿ, ಬೇರೆಯವರಿಗೆ ಕೊಡ್ತೀನಿ."

"ಬೇರೆಯವರು ಯಾರಿದಾರೆ ಸರ್?"

ಯಾರೂ ಇರಲಿಲ್ಲ. ಪೆಟ್ಟಿಗೆ ಅಲ್ಲೇ ಉಳಿಯಿತು.

ಅಣ್ಣ ಆ ಮೇಳದಲ್ಲಿದ್ದದ್ದು ಮೂರೇ ವರ್ಷ. ಅಪ್ಪ ಹೋದಾಗ ಅವಳಿಗೆ ಹದಿನಾಲ್ಕು. ಆ ವರ್ಷವೇ ಅಣ್ಣ ನೀರು ಸರಬರಾಜು ಇಲಾಖೆಗೆ ಸೇರಿ, ಮನೆಮನೆಗೆ ತಿರುಗಿ ಮೀಟರು ನೋಡುವ ಕೆಲಸ ಹಿಡಿದ. ಒಂದು ಮಧ್ಯಾಹ್ನ ಚೆಲ್ಲೊ ಇದ್ದ ಮೂಲೆಯಲ್ಲಿ ಬಟ್ಟೆ ಒಣಹಾಕುವ ಸ್ಟ್ಯಾಂಡು ನಿಂತಿತ್ತು. ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ, ಅವಳೂ ಕೇಳಲಿಲ್ಲ.

ಹಳೆಯ ಟೇಪು ಅಂಟಂಟಾಗಿರುತ್ತದೆ. ಹಾಗೆಯೇ ಓಡಿಸಿದರೆ ಕಂದು ಪುಡಿ ಉದುರಿ ಇದ್ದದ್ದೂ ಹೋಗುತ್ತದೆ. ಅವಳು ಒಂದೊಂದನ್ನೂ ಮಂದ ಶಾಖದ ಪೆಟ್ಟಿಗೆಯಲ್ಲಿ ಎಂಟು ಗಂಟೆ ಇಟ್ಟು, ಆರಿಸಿ, ಆಮೇಲೆ ಓಡಿಸಿದಳು. ಹೆಡ್‌ಫೋನಿನಲ್ಲಿ ಮೊದಲು ಕೋಣೆಯ ಮೌನ, ಕುರ್ಚಿಯ ಕಿರ್ ಸದ್ದು. ಆಮೇಲೆ ಮೂಗಿನಿಂದ ಸರ್ರನೆ ಎಳೆದ ಒಂದು ಉಸಿರು. ಅದರ ಬೆನ್ನಿಗೇ ನಾಲ್ಕೂ ವಾದ್ಯ ಒಟ್ಟಿಗೆ.

ಅದು ಅಣ್ಣನ ಉಸಿರು. ಚಿಕ್ಕಂದಿನಿಂದಲೂ ಅವನ ಮೂಗು ಕಟ್ಟಿರುತ್ತಿತ್ತು. ಓಣಿಯ ಹುಡುಗರು 'ಸೈಕಲ್ ಪಂಪು' ಎಂದು ರೇಗಿಸುತ್ತಿದ್ದರು. ಅವಳು ಟೇಪು ನಿಲ್ಲಿಸಿದಳು, ಹಿಂದಕ್ಕೆ ಸುತ್ತಿ ಮತ್ತೆ ಕೇಳಿದಳು. ಏನಾದರೂ ಆಗಬಹುದೆಂದು ಕಾದಳು. ಏನೂ ಆಗಲಿಲ್ಲ.

ಕೆಲಸದ ಚೀಟಿಯಲ್ಲಿ 'ಸಂಗೀತವಲ್ಲದ ಸದ್ದುಗಳನ್ನು ತೆಗೆಯುವುದು' ಎಂದಿತ್ತು. ಅವಳು ತೆಗೆದಳು. ಕೆಮ್ಮು, ಹಾಳೆ ಮಗುಚಿದ್ದು, ಕುರ್ಚಿಯ ಕಿರ್ ಸದ್ದು. ಏಳು ಟೇಪುಗಳಲ್ಲಿ ಇಪ್ಪತ್ತಮೂರು ಕಡೆ ಇದ್ದ ಆ ಉಸಿರನ್ನೂ ಹುಡುಕಿ ಹುಡುಕಿ ಅಳಿಸಿದಳು. ಒಂದೂ ಬಿಡಲಿಲ್ಲ. ಮಾಡಿದ ಕೆಲಸ ಅಚ್ಚುಕಟ್ಟಾಗಿತ್ತು.

ಮುಂದಿನ ವಾರ ಕೇಳಿ ಒಪ್ಪಿಗೆ ಕೊಡಲು ಪಿಟೀಲು ವಾದಕರೇ ಬಂದರು. ಅರವತ್ತನಾಲ್ಕರ ತೆಳ್ಳನೆಯ ಮನುಷ್ಯ. ಎಡಗತ್ತಿನಲ್ಲಿ ಪಿಟೀಲು ಒತ್ತಿದ ಕಪ್ಪು ಗುರುತು. ಕಣ್ಣು ಮುಚ್ಚಿ ಮೊದಲನೆಯದನ್ನು ಕೇಳತೊಡಗಿದವರು ಎರಡೇ ಸಾಲಿಗೆ ಕೈ ಎತ್ತಿದರು.

"ಏನೋ ಸರಿಯಿಲ್ಲ. ಎಲ್ಲಿಂದಲೋ ಬಿದ್ದ ಹಾಗೆ ಶುರುವಾಗ್ತಿದೆ. ಅವನ ಉಸಿರೆಲ್ಲಿ?"

"ತೆಗೆದಿದೀನಿ ಸರ್."

"ಯಾರು ಹೇಳಿದ್ದು ತೆಗೆಯೋಕೆ?"

ಅವಳು ಚೀಟಿ ತೋರಿಸಿದಳು. ಅವರು ಚೀಟಿ ನೋಡಿ, ಅವಳ ಮುಖ ನೋಡಿದರು.

"ನೀವು ಅವನ ತಂಗಿ ಅಲ್ವಾ?"

"ಹೌದು."

ಅವರು ಕುರ್ಚಿಯನ್ನು ಅವಳ ಕಡೆ ತಿರುಗಿಸಿಕೊಂಡರು. "ಮೊದಲ ಪಿಟೀಲು ನಂದು, ಮುಂದಾಳು ಅನ್ನೋದು ಹೆಸರಿಗೆ ಅಷ್ಟೇನಮ್ಮ. ಅವನ ಮೂಗು ಸರ್ ಅಂದ್ಮೇಲೇ ನಮ್ಮ ಮೂವರ ಕಮಾನು ತಂತಿ ಮುಟ್ತಾ ಇದ್ದದ್ದು. ಅವನು ಮೇಳ ಬಿಟ್ಮೇಲೆ ಎರಡು ವರ್ಷ ಒದ್ದಾಡಿದ್ವಿ, ಒಟ್ಟಿಗೆ ಶುರು ಮಾಡೋಕೇ ಬರಲಿಲ್ಲ. ಯಾಕೆ ಬಿಟ್ಟೆ ಅಂತ ಕೇಳಿದ್ರೆ, ಬೆರಳು ನೋವು ಅಂದ."

"ಬೆರಳಿಗೆ ಏನೂ ಆಗಿರಲಿಲ್ಲ ಸರ್. ನನ್ನನ್ನ ಓದಿಸೋಕೆ ಬಿಟ್ಟ." ಗಂಟೆ ಎಷ್ಟೆಂದು ಕೇಳಿದವರಿಗೆ ಹೇಳುವ ದನಿಯಲ್ಲೇ ಹೇಳಿದಳು. ಬಾಯಿಬಿಟ್ಟು ಅದನ್ನು ಯಾರಿಗಾದರೂ ಹೇಳಿದ್ದು ಅದೇ ಮೊದಲು.

"ವಾಪಸ್ ಹಾಕೋಕಾಗುತ್ತಾ?"

"ಮೂಲ ಪ್ರತಿ ಇದೆ. ಆಗುತ್ತೆ."

ಮೂರು ದಿನ ಕೂತು ಇಪ್ಪತ್ತಮೂರು ಉಸಿರನ್ನೂ ಮರಳಿ ಅದರದರ ಜಾಗದಲ್ಲಿ ಕೂರಿಸಿದಳು. ಸಿ.ಡಿ. ಹೊದಿಕೆಯ ಕರಡಿನಲ್ಲಿ ಪಿಟೀಲು ವಾದಕರ ಹೆಸರು ಮಾತ್ರ ಇತ್ತು, ಉಳಿದವರು 'ಸಂಗಡಿಗರು'. ಆ ಪದ ಹೊಡೆದುಹಾಕಿ ಮೂವರ ಹೆಸರನ್ನೂ ಬರೆದು ಮೇಲಕ್ಕೆ ಕಳಿಸಿದಳು. ನಿರ್ದೇಶಕರು ಎದುರಾಡಲಿಲ್ಲ.

ಒಂದು ಪ್ರತಿ ಮನೆಗೂ ಬಂತು. ಅತ್ತಿಗೆ ಮೇಜಿನ ಮುಂದೆ ಬಟಾಣಿ ಬಿಡಿಸುತ್ತಿದ್ದಾಗ ಅವಳು ಅದನ್ನು ಹಾಕಿದಳು. ಉಸಿರು ಕೇಳಿದ್ದೇ ಅತ್ತಿಗೆಯ ಕೈ ನಿಂತಿತು.

"ಅವರೇ ಕಣೇ. ನಿದ್ದೇಲೂ ಹೀಗೇ ಎಳೀತಿದ್ರು. ಮೂವತ್ತೆಂಟು ವರ್ಷ ಪಕ್ಕದಲ್ಲಿ ಮಲಗಿದವಳಿಗೆ ಗೊತ್ತಾಗಲ್ವಾ?" ನಕ್ಕಳು. ನಗು ಹಾಗೆಯೇ ಅಳುವಾಯಿತು. ಅವಳು ಎದುರಿಗೆ ಕೂತು ಉಳಿದ ಬಟಾಣಿ ಬಿಡಿಸಿದಳು.

ಸೆರಗಿನಲ್ಲಿ ಮೂಗೊರೆಸಿಕೊಂಡು ಅತ್ತಿಗೆ ಕೇಳಿದಳು: "ನಿನಗೆ ಅಳು ಬರಲ್ವೇನೆ?"

"ಬರ್ತಾ ಇಲ್ಲ ಅತ್ತಿಗೆ. ನಾನೇ ಮೊದಲು ಆ ಉಸಿರನ್ನ ಅಳಿಸಿಬಿಟ್ಟಿದ್ದೆ. ಆಗ್ಲೂ ಏನೂ ಆಗಲಿಲ್ಲ."

"ಆಗದಿದ್ರೆ ಇಲ್ಲ ಬಿಡು. ಅದೇನು ಬಸ್ಸಾ, ಹೊತ್ತಿಗೆ ಸರಿಯಾಗಿ ಬರೋಕೆ?"

ಮರುದಿನ ಅವಳು ರಜೆ ಹಾಕಿದಳು. ಅಣ್ಣ ಹೋದ ಮೇಲೆ ಕೇಳಿದ ಮೊದಲ ರಜೆ. ಹೊತ್ತು ನೆತ್ತಿಗೆ ಬರುವವರೆಗೂ ಮಲಗಿದಳು, ಕನಸೂ ಬೀಳಲಿಲ್ಲ. ಎದ್ದಾಗ ಅತ್ತಿಗೆ ಹೊರಗೆ ಹೋಗಿದ್ದಳು. ಒಳಗೆಲ್ಲೋ ಸಂಕಟ ಅನ್ನಿಸಿ ಒಂದು ಕ್ಷಣ ಗೋಡೆ ಹಿಡಿದು ನಿಂತಳು. ಆಮೇಲೆ ತಿಳಿಯಿತು, ಅದು ಹಸಿವು, ಇಷ್ಟು ವಾರ ಗೊತ್ತೇ ಆಗದಿದ್ದ ಹಸಿವು. ಪಾತ್ರೆಯ ಮುಚ್ಚಳ ತೆಗೆದು, ತಣ್ಣಗಾಗಿದ್ದ ಅನ್ನವನ್ನು ನಿಂತಲ್ಲೇ ತಿಂದಳು, ತಳ ಕಾಣುವವರೆಗೆ.