ಫುಲ್‌ಬ್ಯಾಕ್ ಹೊಡೆದ ಗೋಲು

ಇಂಗ್ಲೆಂಡಿನ ಹಳೆಯ ಫುಟ್‌ಬಾಲ್ ಆಟಗಾರನೊಬ್ಬನ ಜೀವನಚರಿತ್ರೆ ಅನುವಾದಿಸಿದ್ದೆ. ಫುಲ್‌ಬ್ಯಾಕ್ ಆಗಿ ಹದಿನೈದು ವರ್ಷ ಆಡಿ ಒಂದೂ ಗೋಲು ಹೊಡೆಯದವನು. ನನಗೆ ಆಟ ಗೊತ್ತಿಲ್ಲ. ಬೆನ್ನುಡಿಯಲ್ಲಿ ‘ಸೋತ ಆಟಗಾರನ ಕಥೆ’ ಎಂದು ಬರೆದುಬಿಟ್ಟಿದ್ದೆ.

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಹಿರಿಯರು ನನ್ನ ಕೈಲಿದ್ದ ಕವರಿನ ಪ್ರೂಫ್ ಓದಿ ನಕ್ಕರು. ಹಿಂದೆ ಕಾರ್ಖಾನೆ ಟೀಮಿನಲ್ಲಿ ಅವರೂ ಫುಲ್‌ಬ್ಯಾಕ್ ಅಂತೆ.

“ಗೋಲು ಹೊಡೆಯೋದು ನಮ್ಮ ಕೆಲಸ ಅಲ್ಲ ಮಾರಾಯ್ರೆ, ಹೊಡೆಯೋಕೆ ಬಂದೋರನ್ನ ತಡೆಯೋದು. ಹದಿನೈದು ವರ್ಷ ಇಟ್ಕೊಂಡಿದ್ರು ಅಂದ್ರೆ ಅವನು ಗಟ್ಟಿಗ!”

ಕವರ್ ಅಂದೇ ಅಚ್ಚಾಗಬೇಕಿತ್ತು. ಮಾಚೇನಹಳ್ಳಿಯ ಪ್ರೆಸ್ಸಿಗೆ ಫೋನ್ ಮಾಡಿದೆ.

“ಬೆಳಿಗ್ಗೆಯಿಂದ ಕರೆಂಟಿಲ್ಲ ಸಾರ್, ಕವರ್ ಇನ್ನೂ ಮಷೀನಿಗೆ ಹಾಕಿಲ್ಲ.”

ಹೋದ ಜೀವ ಬಂದಂತಾಯಿತು. ಆ ಸಾಲನ್ನು ಫೋನಿನಲ್ಲೇ ತೆಗೆಸಿದೆ.

“ನೀವೆಷ್ಟು ಗೋಲು ಹೊಡೆದಿದ್ರಿ ಸಾರ್?” ಎಂದು ಹಿರಿಯರನ್ನು ಕೇಳಿದೆ.

“ಒಂದೇ ಒಂದು,” ಎಂದು ಅವರು ಕಿಟಕಿ ಕಡೆ ತಿರುಗಿದರು. “ಅದೂ ನಮ್ಮದೇ ಗೋಲಿಗೆ.”