ಗಾಳಿ ನಂಬಿ ಇಂಜಿನ್ ಮಾರಿದ ಮಾಮಾ

ಕಳೆದ ತಿಂಗಳು ನಮ್ಮ ಅಕ್ಕ ಗಂಡನ ಜೊತೆ ಮಾತು ಬಿಟ್ಟಳು. ಕಾರಣ, ಗಾಳಿ.

ತಪ್ಪು ತಿಳಿಯಬೇಡಿ. ಮಾಮಾನಿಗೆ ದೆವ್ವದ ಗಾಳಿ ಬಡಿದಿರಲಿಲ್ಲ. ಬಡಿದಿದ್ದರೆ ತಾಯತ ಕಟ್ಟಿಸಿ ಸರಿಮಾಡಬಹುದಿತ್ತು. ಅವರಿಗೆ ಬಡಿದದ್ದು ವಿಂಡ್ ಪವರ್. ಅದಕ್ಕೆ ಯಾವ ಮಠದಲ್ಲೂ ತಾಯತ ಇಲ್ಲ.

ಅಕ್ಕ ನೀಲವ್ವ, ಸವದತ್ತಿ ಕಡೆಯ ಗುಡ್ಡದ ಬುಡದಲ್ಲಿರುವ ಸಣ್ಣ ಊರೊಂದರಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಅವಳ ಗಂಡ ಶಿವಪುತ್ರಪ್ಪ ಮಾಮಾ ಹೊಲ ನೋಡಿಕೊಳ್ಳುತ್ತಾರೆ, ಉಳಿದ ಹೊತ್ತಿನಲ್ಲಿ ಪೇಪರ್ ಓದುತ್ತಾರೆ. (ತೊಂದರೆ ಶುರುವಾಗುವುದೇ ಈ ಉಳಿದ ಹೊತ್ತಿನಲ್ಲಿ.)

ಗಿರಣಿ ಓಡುವುದು ಕರೆಂಟಿನ ಮೋಟಾರಿನಿಂದ. ಕರೆಂಟ್ ಇಲ್ಲದಾಗ, ಅಂದರೆ ಸಾಮಾನ್ಯವಾಗಿ, ಡೀಸೆಲ್ ಇಂಜಿನ್‌ನಿಂದ. ಆ ಇಂಜಿನ್ ನಮ್ಮ ಅಪ್ಪನದು. ಮಲಪ್ರಭಾ ದಂಡೆಯ ಹೊಲಕ್ಕೆ ಅದೇ ನೀರೆತ್ತುತ್ತಿತ್ತು. ಅಕ್ಕ ಗಿರಣಿ ಹಾಕುತ್ತೇನೆ ಎಂದಾಗ ಅಪ್ಪ ಅದನ್ನು ಚಕ್ಕಡಿಯಲ್ಲಿ ಹೇರಿಸಿ ಕಳಿಸಿದ್ದರು. ಬೇರೆ ಹೆಣ್ಣುಮಕ್ಕಳು ತವರಿನಿಂದ ಇಳಕಲ್ ಸೀರೆ ತಂದರೆ ನಮ್ಮ ಅಕ್ಕ ಕಪ್ಪು ಹೊಗೆ ಬಿಡುವ ಇಂಜಿನ್ ತಂದಳು. ಅದರ ಟುಕುಟುಕು ಸದ್ದು ಕೇಳಿತೆಂದರೆ ಸಾಕು, ಊರ ಹೆಂಗಸರು ಜೋಳದ ಡಬ್ಬಿ ಹೊತ್ತು ಹೊರಡುತ್ತಿದ್ದರು.

ಈಚೆಗೆ ಆ ಊರ ಗುಡ್ಡದ ಮೇಲೆ ಗಾಳಿಯಂತ್ರಗಳು ಬಂದವು. ನಮ್ಮ ಜನ ಅವಕ್ಕೆ ಇಟ್ಟ ಹೆಸರು ಫ್ಯಾನು. ಒಂದೊಂದು ರೆಕ್ಕೆಯೂ ಇಡೀ ಓಣಿಯಷ್ಟು ಉದ್ದ. ಅದನ್ನು ಹೊತ್ತ ಲಾರಿ ಊರ ಅಗಸಿ ಬಾಗಿಲಲ್ಲಿ ತಿರುಗುವಾಗ ಯಾರದೋ ಮನೆಯ ಕಟ್ಟೆ ಕಿತ್ತುಹೋಯಿತು. ಕಟ್ಟೆಯ ಮಾಲೀಕನೂ ಬೈಯಲಿಲ್ಲ. ಅಷ್ಟು ಚಂದ ಇತ್ತು ನೋಡಲು.

ಬೆನ್ನಿಗೇ ಶಾಲೆಯ ಮುಂದೆ ಒಂದು ಜಾಗೃತಿ ಸಭೆ ನಡೆಯಿತು. ಇಸ್ತ್ರಿ ಮುರಿಯದ ಅಂಗಿಯ ಅತಿಥಿಯೊಬ್ಬರು ಬಂದು, ಕಲ್ಲಿದ್ದಲಿನ ಕಾಲ ಮುಗಿಯಿತು ಎಂದರು. ಕಲ್ಲಿದ್ದಲು ಒಂದು ದಿನ ತೀರುತ್ತದೆ, ಗಾಳಿ ತೀರುವುದಿಲ್ಲ ಎಂದರು. ಮೊದಲು ಚಪ್ಪಾಳೆ ಹೊಡೆದವರು ನಮ್ಮ ಮಾಮಾ. (ಆ ಸಭೆಯ ಕರಪತ್ರ ಅಚ್ಚಾದದ್ದು ಬೈಲಹೊಂಗಲದಲ್ಲಿರುವ ನನ್ನದೇ ಪ್ರೆಸ್ಸಿನಲ್ಲಿ. ಅವತ್ತು ಲೋಡ್ ಶೆಡ್ಡಿಂಗ್ ಇದ್ದುದರಿಂದ ಹಳೆಯ ಮಶೀನನ್ನು ಕಾಲಿನಲ್ಲಿ ತುಳಿದು ತುಳಿದು ಮುಗಿಸಿದೆವು. ಶಕ್ತಿಯ ಹೊಸ ಯುಗಕ್ಕೆ ನನ್ನ ಮೊಣಕಾಲಿನ ಕಾಣಿಕೆಯೂ ಇದೆ.)

ಆಮೇಲೆ ಮಾಮಾ ಮಾತಾಡಿದ್ದೆಲ್ಲ ಗಾಳಿಯೇ. ಚಹಾ ಅಂಗಡಿಯಲ್ಲಿ ಗಾಳಿ, ಬಸ್ಸಿನಲ್ಲಿ ಗಾಳಿ, ಸತ್ತವರ ಮನೆಗೆ ಮಾತನಾಡಿಸಲು ಹೋದಾಗಲೂ ಗಾಳಿ. ನಮ್ಮ ಗುಡ್ಡದಾಗ ಕರೆಂಟ್ ತಯಾರ ಆಗತೈತಿ, ಇನ್ನ ನಮಗ್ಯಾಕ ಕತ್ತಲಿ ಎಂಬುದು ಅವರ ಲೆಕ್ಕ. ನೀವೇ ಹೇಳಿ, ಲೆಕ್ಕ ತಪ್ಪೇ? ಬಾವಿ ನಮ್ಮ ಹಿತ್ತಲಲ್ಲಿದ್ದರೆ ನೀರಿಗೆ ಯಾರಾದರೂ ಪಕ್ಕದ ಊರಿಗೆ ಹೋಗುತ್ತಾರೆಯೇ?

ಇಂಥ ಹೊತ್ತಿನಲ್ಲಿ ಅಕ್ಕ ಕಿತ್ತೂರಿಗೆ ಹೋದಳು. ಅಲ್ಲಿ ಅವಳ ಮಗಳು ಹೊಸ ಮನೆ ಕಟ್ಟಿಸಿದ್ದಳು, ಗೃಹಪ್ರವೇಶ. ವಾರ ಉಳಿದು ಮರಳಿದಾಗ ಗಿರಣಿಯ ಮುಂದೆ ಹೆಂಗಸರ ಸಾಲು. ಕರೆಂಟ್ ಇರಲಿಲ್ಲ. ಅಕ್ಕ ಸೆರಗು ಸಿಕ್ಕಿಸಿಕೊಂಡು ಇಂಜಿನ್ ಹಚ್ಚಲು ಹಿಂದಿನ ಶೆಡ್ಡಿಗೆ ಹೋದಳು. ಅಲ್ಲಿ ನೆಲದಲ್ಲಿ ಬೋಲ್ಟುಗಳಿದ್ದವು, ಎಣ್ಣೆಯ ಕಲೆ ಇತ್ತು. ಇಂಜಿನ್ ಇರಲಿಲ್ಲ.

ಮಾಮಾ ಕಟ್ಟೆಯ ಮೇಲೆ ಪೇಪರ್ ಹಿಡಿದು ಕುಳಿತಿದ್ದರು.

"ಇಂಜನ್ ಎಲ್ಲೈತ್ರಿ?"

"ಮಾರಿದ್ನಿ. ಯರಗಟ್ಟಿಯಂವ ಬಂದಿದ್ದ."

"ಯಾಕ?"

"ಗುಡ್ಡದ ಮ್ಯಾಲೆ ಕರೆಂಟ್ ತಯಾರ ಆಗಾಕ ಹತ್ತೈತಿ. ಅದರ ಕೆಳಗ ಡೀಸೆಲ್ ಹೊಗಿ ಬಿಟಗೊಂತ ಕುಂತ್ರ ಮಂದಿ ನಗತಾರ."

"ಮಂದಿ ನಗೂದು ಇರ್ಲಿ. ಆ ಮಂದಿ ಇವತ್ತ ರೊಟ್ಟಿ ಏನ ತಿನಬೇಕು?"

ಮಾಮಾ ಗುಡ್ಡದ ಕಡೆ ನೋಡಿದರಂತೆ. ಫ್ಯಾನುಗಳು ನಿಂತಿದ್ದವು. ಒಂದು ಎಲೆಯೂ ಅಲುಗದಂಥ ಬಿಸಿಲು.

ಅಕ್ಕ ಗಂಡನ ಜೊತೆ ಆಡಿದ ಕೊನೆಯ ಮಾತು ಅದೇ. ಅಡುಗೆ ನಿಲ್ಲಲಿಲ್ಲ, ಬಡಿಸುವುದು ನಿಲ್ಲಲಿಲ್ಲ, ಮಾತು ನಿಂತಿತು. ಹೇಳಲೇಬೇಕಾದದ್ದನ್ನು ಎಮ್ಮೆಗೆ ಹೇಳುತ್ತಿದ್ದಳು. "ಹಿಂಡಿ ತೀರೇತಿ ಅಂತ ಯಾರಿಗರೆ ಹೇಳವಾ," ಎಂದರೆ ಮಾಮಾ ಎದ್ದು ಹಿಂಡಿ ತರಲು ಹೋಗಬೇಕು. ಎಮ್ಮೆ ಮಾತ್ರ ಇಬ್ಬರ ನಡುವೆ ತಟಸ್ಥವಾಗಿತ್ತು.

ಊರಿನ ಪರಿಸ್ಥಿತಿ ಇನ್ನೂ ಮಜಾ. ಕರೆಂಟ್ ಬಂದರೂ ನಡುರಾತ್ರಿ ಬರುತ್ತಿತ್ತು, ಹಾಗಾಗಿ ಗಿರಣಿ ಬಂದ್ ಆಯಿತು. ಜೋಳದ ಹಿಟ್ಟು ಬಹಳ ದಿನ ಇಟ್ಟರೆ ಕಹಿಯಾಗುತ್ತದೆ, ಆಗಾಗ ಬೀಸಿಸಲೇಬೇಕು. ಗಂಡಸರಿದ್ದ ಮನೆಯವರು ಸೈಕಲ್ಲಿಗೆ ಚೀಲ ಕಟ್ಟಿ ಪಕ್ಕದ ಊರಿಗೆ ಹೋದರು. ಉಳಿದವರು ಅಟ್ಟದ ಮೇಲಿನ ಬೀಸೋಕಲ್ಲು ಇಳಿಸಿದರು. ಯೋಚಿಸಿ ನೋಡಿ, ಬೀಸೋಕಲ್ಲಿಗಿಂತ ಪರಿಸರಸ್ನೇಹಿ ಯಂತ್ರ ಇದೆಯೇ? ಹೊಗೆ ಇಲ್ಲ, ಡೀಸೆಲ್ ಇಲ್ಲ, ಕಲ್ಲಿದ್ದಲು ಬೇಡವೇ ಬೇಡ. ಹೆಂಗಸಿನ ರಟ್ಟೆಯೊಂದಿದ್ದರೆ ಸಾಕು, ಅದು ನಮ್ಮ ದೇಶದಲ್ಲಿ ಎಂದೂ ತೀರದ ಇಂಧನ. ಇದಕ್ಕೊಂದು ಸಬ್ಸಿಡಿ ಸ್ಕೀಮ್ ಇನ್ನೂ ಯಾಕೆ ಬಂದಿಲ್ಲವೋ.

ಹೀಗಿರುವಾಗ ಒಂದು ಬೆಳಿಗ್ಗೆ ಅಕ್ಕ ಕೈಚೀಲ ಹಿಡಿದು ನನ್ನ ಪ್ರೆಸ್ಸಿನ ಬಾಗಿಲಲ್ಲಿ ನಿಂತಿದ್ದಳು.

"ನಡಿ, ಯರಗಟ್ಟಿಗೆ ಹೋಗೂದೈತಿ. ಅಪ್ಪನ ಇಂಜನ್ ಹುಡಕೂಣು."

"ಅಕ್ಕಾ, ಅದು ಈಗ ಎಲ್ಲೈತೋ ಏನೋ. ಬಿಚ್ಚಿ ಮಾರಿದ್ರ?"

"ಬಿಚ್ಚಿದ್ರ ಬಿಚ್ಚಿದ ತುಣುಕು ತರೂಣು. ನೀ ನಡಿ."

ಯರಗಟ್ಟಿಯಲ್ಲಿ ಹಳೆಯ ಮಶೀನುಗಳ ವ್ಯಾಪಾರಿಯನ್ನು ಹುಡುಕುವುದು ಕಷ್ಟವಾಗಲಿಲ್ಲ. ಬಸ್‌ಸ್ಟ್ಯಾಂಡಿನಿಂದ ತುಸು ಮುಂದೆ, ಕೆಟ್ಟ ಪಂಪುಗಳ ರಾಶಿಯ ನಡುವೆ ಕುಳಿತಿದ್ದ. ನಮ್ಮ ಕಥೆ ಕೇಳಿ ತಲೆ ಕೆರೆದುಕೊಂಡ.

"ಅಕ್ಕಾರ, ಇಷ್ಟ ದೂರ ಯಾಕ ತ್ರಾಸ ತಗೊಂಡ್ರಿ? ಅದು ನಿಮ್ಮೂರಾಗ ಐತ್ರಿ."

"ನಮ್ಮೂರಾಗ?"

"ಗುಡ್ಡದ ಮ್ಯಾಲೆ. ಫ್ಯಾನ್ ಕೂಡ್ರಸಾವ್ರು ತಗೊಂಡ ಹೋದ್ರು. ಅವರ ಕ್ಯಾಂಪಿಗೆ ಲೈಟ್ ಇರಲಿಲ್ಲಂತ."

ನಾನು ನಕ್ಕೆ. ಅಕ್ಕ ನಗಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ನೇರ ಮುಂದೆ ನೋಡುತ್ತ ಕುಳಿತಳು. (ನಾನು ಕಿಟಕಿಯ ಪಕ್ಕ ಕೂತು ನಗುವುದನ್ನು ಮುಂದುವರಿಸಿದೆ.)

ಲಾರಿಗಳಿಗಾಗಿ ಕಡಿದ ಕೆಂಪು ರಸ್ತೆ ಹಿಡಿದು ಗುಡ್ಡ ಹತ್ತಿದೆವು. ಮೇಲೆ ಒಳ್ಳೆ ಗಾಳಿ ಎದ್ದಿತ್ತು. ಕೂರಿಸಿ ಮುಗಿದ ಫ್ಯಾನುಗಳು ತಿರುಗುತ್ತಿದ್ದವು, ಉಳಿದವುಗಳ ಕೆಲಸ ನಡೆದಿತ್ತು. ಅರ್ಧ ದಾರಿಯಲ್ಲೇ ಅಕ್ಕ ಗಕ್ಕನೆ ನಿಂತಳು. ಗಾಳಿಯ ಸದ್ದಿನೊಳಗಿಂದ ಟುಕುಟುಕು ಕೇಳುತ್ತಿತ್ತು. ಅಪ್ಪ ಹೋಗಿ ಬಹಳ ವರ್ಷವಾಯಿತು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ಧೂಳಾ," ಎಂದಳು. ನಾನೂ ಧೂಳೇ ಎಂದು ಒಪ್ಪಿಕೊಂಡೆ.

ಕ್ಯಾಂಪ್ ಅಂದರೆ ಕೆಲವು ತಗಡಿನ ಶೆಡ್ಡುಗಳು. ಒಂದರ ಪಕ್ಕ ಅಪ್ಪನ ಇಂಜಿನ್ ಹೊಗೆ ಬಿಡುತ್ತ, ಡೈನಮೋ ತಿರುಗಿಸಿ ವೆಲ್ಡಿಂಗಿಗೆ ಕರೆಂಟ್ ಕೊಡುತ್ತಿತ್ತು. ಅದರ ಮುಂದೆ ಸಿಮೆಂಟ್ ಚೀಲದ ಮೇಲೆ, ಕೈಯಲ್ಲಿ ಚಹಾದ ಗ್ಲಾಸು ಹಿಡಿದು, ಶಿವಪುತ್ರಪ್ಪ ಮಾಮಾ ಕುಳಿತಿದ್ದರು.

ಹೊಲಕ್ಕೆ ಹೋಗುತ್ತೇನೆಂದು ಎಮ್ಮೆಯ ಎದುರಿಗೆ ಹೇಳಿ ಹೊರಟಿದ್ದ ಮಾಮಾ.

ಸೈಟ್ ಇಂಜಿನಿಯರ್ ಕೊಲ್ಹಾಪುರ ಕಡೆಯ ಹುಡುಗ, ಕನ್ನಡ ಬರುತ್ತಿತ್ತು. ಅಕ್ಕ ಯಾರೆಂದು ತಿಳಿದೊಡನೆ ಕುರ್ಚಿ ತರಿಸಿದ. "ಮೌಶಿ, ಕುಂತ್ಕೋರಿ. ಕಾಕಾ ದಿನಾ ಬರತಾರ. ದಿನಾ ಒಂದ ಮಾತ, ಇಂಜನ್ ವಾಪಸ್ ಕೊಡ್ರಿ ಅಂತಾರ. ಯಾಕಂತ ಕೇಳಿದ್ರ ಹೇಳಂಗಿಲ್ಲ."

ಅಕ್ಕ ಮಾಮಾನ ಕಡೆ ನೋಡಲಿಲ್ಲ. "ಮತ್ತ ಯಾಕ ಕೊಡವಲ್ರಿ?"

"ಕೊಟ್ರ ನಮಗ ಲೈಟ್ ಇಲ್ಲ. ಕೆಲಸ ನಿಂತ ಬಿಡತೈತಿ."

"ಇಷ್ಟ ಫ್ಯಾನ್ ತಿರಗಾಕ ಹತ್ತ್ಯಾವಲ್ಲ."

"ಅದರ ಕರೆಂಟ್ ಸೀದಾ ದೊಡ್ಡ ಲೈನಿಗೆ ಹೋಗತೈತಿ ಮೌಶಿ. ನಮಗೂ ಇಲ್ಲ, ನಿಮಗೂ ಇಲ್ಲ."

"ಮಾಲಕ್ರು ಯಾರ ಇದಕ?"

"ಮುಂಬೈದಾಗ ಅದಾರ. ಅವರ್ದು ಸೀರಿ ಬಿಜಿನೆಸ್. ಟ್ಯಾಕ್ಸ್ ಉಳೀತೈತಿ ಅಂತ ಹಾಕ್ಸ್ಯಾರ."

ಅಕ್ಕ ತಲೆ ಎತ್ತಿ ಫ್ಯಾನುಗಳನ್ನು ನೋಡಿದಳು. "ಗಾಳಿ ನಿಂತಾಗ ದೊಡ್ಡ ಲೈನಿಗೆ ಕರೆಂಟ್ ಎಲ್ಲಿಂದ ಬರತೈತಿ?"

"ಮಳಿ ಛಲೋ ಆಗಿದ್ರ ಡ್ಯಾಮಿಂದ. ಇಲ್ಲಂದ್ರ ರಾಯಚೂರಿಂದ, ಕಲ್ಲಿದ್ದಲದ್ದು."

ಅಂದರೆ ಸಭೆಯಲ್ಲಿ ಕಾಲ ಮುಗಿದಿದ್ದ ಕಲ್ಲಿದ್ದಲು ರಾಯಚೂರಿನಲ್ಲಿ ಇನ್ನೂ ಡ್ಯೂಟಿಯ ಮೇಲಿತ್ತು. ಹುಡುಗ ಒಳ್ಳೆಯವನು, ಸುಳ್ಳು ಹೇಳಲಿಲ್ಲ. ಅವನನ್ನು ಯಾರೂ ಸಭೆಗೆ ಕರೆಯುವುದಿಲ್ಲ, ಅದೇ ತೊಂದರೆ.

ಆಗ ಮಾಮಾ ಬಾಯಿಬಿಟ್ಟರು. "ಇದನ್ನೆಲ್ಲಾ ನಾ ಆಗಲೇ ಕೇಳೇನಿ. ಮನಿಗೆ ಬಂದು ನಿನಗ ಹೇಳಾಕ ಮುಖ ಇರಲಿಲ್ಲ. ಇಂಜನ್ ತಂದ ಇಟ್ಟ ಮ್ಯಾಲೆ ಹೇಳಿದ್ರಾತು ಅಂತ ದಿನಾ ಬಂದ ಕುಂದ್ರತೇನಿ."

ಅಕ್ಕ ಈಗ ಅವರನ್ನು ನೋಡಿದಳು. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು.

"ಊಟ ಮಾಡೀರೇನು?" ಎಂದಳು.

ಎಮ್ಮೆಯ ಕೆಲಸ ಹೋಯಿತು.

ಮಾಮಾ ಊಟ ಮಾಡಿರಲಿಲ್ಲ. ಕ್ಯಾಂಪಿನವರು ಅನ್ನ ಕೊಡಲು ಬಂದರು, ಚಪಾತಿ ಇಲ್ಲವೆಂದು ಕ್ಷಮೆಯನ್ನೂ ಕೇಳಿದರು. ಅಡುಗೆಯವನು ಉತ್ತರ ಭಾರತದ ಕಡೆಯವನು, ಕೆಲಸದವರಲ್ಲಿ ಬಹಳಷ್ಟು ಮಂದಿಯೂ ಅಲ್ಲಿಯವರೇ, ಚಪಾತಿ ಇಲ್ಲದೆ ಹೊಟ್ಟೆ ತುಂಬದವರು. ದಿನಾ ಬರೀ ಅನ್ನ ಎಂದು ಜಗಳ ತೆಗೆಯುತ್ತಿದ್ದಾರೆ, ಇಬ್ಬರು ಊರಿಗೆ ಹೊರಟು ನಿಂತಿದ್ದಾರೆ ಎಂದು ಹುಡುಗ ಹೇಳಿಕೊಂಡ.

"ಚಪಾತಿ ಯಾಕ ಮಾಡವಲ್ರಿ?" ಅಕ್ಕ ಕೇಳಿದಳು.

"ಹಿಟ್ಟಿಲ್ಲ ಮೌಶಿ. ಗೋದಿ ಚೀಲ ತುಂಬಿ ಇಟ್ಟೇವಿ. ಮೊದಲ ನಿಮ್ಮೂರ ಗಿರಣ್ಯಾಗ ಬೀಸಿಸ್ತಿದ್ವಿ. ಈಗ ಆ ಗಿರಣಿ ಬಂದ್ ಐತಂತ."

ಅಕ್ಕ ಟುಕುಟುಕು ಎನ್ನುತ್ತಿದ್ದ ಇಂಜಿನ್‌ನ ಕಡೆ ಬೆರಳು ತೋರಿಸಿದಳು, ಅಷ್ಟೇ. ಹುಡುಗನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನು ತಲೆಯ ಮೇಲಿನ ಹೆಲ್ಮೆಟ್ ತೆಗೆದು ತೊಡೆಯ ಮೇಲಿಟ್ಟುಕೊಂಡು ನಗತೊಡಗಿದ. ಅಡುಗೆಯವನಿಗೆ ಹಿಂದಿಯಲ್ಲಿ ವಿಷಯ ಹೇಳಿದ. ಅವನು ನಗಲಿಲ್ಲ, ನೇರವಾಗಿ ಹೋಗಿ ಇಂಜಿನ್ ಬಂದ್ ಮಾಡಿದ.

ವ್ಯವಹಾರದ ಮಾತು ಅಲ್ಲಿಯೇ ಮುಗಿಯಿತು. ಕೊಲ್ಹಾಪುರದಿಂದ ಜನರೇಟರ್ ಬರುವವರೆಗೆ ಕ್ಯಾಂಪಿನವರು ಕಂದೀಲು ಹಚ್ಚಿಕೊಳ್ಳುವುದು, ವೆಲ್ಡಿಂಗ್ ನಿಲ್ಲಿಸಿಡುವುದು, ಇಂಜಿನ್ ಕೆಳಗಿಳಿಸುವುದು, ಅದರ ದುಡ್ಡನ್ನು ಗೋದಿ ಬೀಸುವ ಕೂಲಿಯಲ್ಲಿ ಮುರಿದುಕೊಳ್ಳುವುದು. ಮುಗಿಲಿಗೆ ಮುಟ್ಟುವ ರೆಕ್ಕೆ ಎತ್ತಲು ಬಂದಿದ್ದ ದೈತ್ಯ ಕ್ರೇನು, ನಮ್ಮ ಅಪ್ಪನ ಇಂಜಿನ್ ಅನ್ನು ಕೂಸಿನಂತೆ ಎತ್ತಿ ಲಾರಿಯಲ್ಲಿಟ್ಟಿತು. ಅದರ ಜೊತೆಗೇ ಗೋದಿ ಚೀಲಗಳೂ ಹತ್ತಿದವು. ಅಕ್ಕ ಮುಂದಿನ ಸೀಟಿನಲ್ಲಿ, ನಾನು ಮತ್ತು ಮಾಮಾ ಹಿಂದೆ ಚೀಲಗಳ ಮೇಲೆ.

ಸಂಜೆಗೆ ಗಿರಣಿ ಶುರುವಾಯಿತು. ಸದ್ದು ಕೇಳಿ ಡಬ್ಬಿ ಹೊತ್ತ ಹೆಂಗಸರು ಓಣಿ ಓಣಿಯಿಂದ ಬಂದರು. ಮಾಮಾ ತಾವೇ ನಿಂತು ಜೋಳ ಸುರಿದರು, ಮೀಸೆಯೆಲ್ಲ ಹಿಟ್ಟು. ಅಷ್ಟಾದರೂ ಅವರ ನಂಬಿಕೆ ಪೂರ್ತಿ ಹೋಗಿಲ್ಲ. "ಒಂದಿಲ್ಲೊಂದ ದಿನಾ ಆ ಫ್ಯಾನಿನ ಕರೆಂಟ್ ನಮಗೂ ಬರತೈತಿ ನೋಡ," ಎಂದು ನನ್ನ ಕಿವಿಯಲ್ಲಿ ಹೇಳಿದರು.

ಅಕ್ಕನಿಗೆ ಕೇಳಿಸಿತು. "ಬರ್ಲಿ. ಬಂದ ಮ್ಯಾಲೆ ಇಂಜನ್ ಮಾರೂದ ನೋಡೂಣು."

ನಾನು ಗಾಳಿಯ ವೈರಿಯಲ್ಲ. ಕಣದಲ್ಲಿ ನಿಂತು ಗಾಳಿಗೆ ಜೋಳ ತೂರಿ ಉಂಡ ಮನೆತನ ನಮ್ಮದು. ಗಾಳಿ ಬಂದಾಗ ತೂರಿಕೋ ಎಂದರು ಹಿರಿಯರು. ಬಾರದಿದ್ದರೆ? ಅವರು ಮೊರ ಕೆಳಗಿಟ್ಟು ಎಲೆ ಅಡಿಕೆ ಹಾಕಿಕೊಂಡು ಕಾಯುತ್ತಿದ್ದರು. ಗಿರಣಿಗೆ ಆ ಸವಲತ್ತಿಲ್ಲ, ಆಪರೇಷನ್ ನಡೆದಿರುವ ಆಸ್ಪತ್ರೆಗೂ ಇಲ್ಲ. ಕಲ್ಲಿದ್ದಲು ಬಿಡಿ ಎಂದು ಭಾಷಣ ಮಾಡುವವರು ದೊಡ್ಡ ಊರುಗಳಿಂದ ಬರುತ್ತಾರೆ, ಆ ಊರುಗಳಲ್ಲಿ ಕರೆಂಟ್ ಹೋಗುವುದೇ ಅಪರೂಪ. ಬಿಡಲು ನಾವು ತಯಾರಿದ್ದೇವೆ. ಆದರೆ ಅದರ ಕರೆಂಟ್ ನಮ್ಮ ಮನೆಗೆ ಸರಿಯಾಗಿ ಬಂದದ್ದಾದರೂ ಯಾವಾಗ?

ಕಲ್ಲಿದ್ದಲು ಕಪ್ಪು ಎಂದು ಎಲ್ಲರೂ ಹೇಳುತ್ತಾರೆ, ಕತ್ತಲೆಯ ಬಣ್ಣ ಯಾವುದೆಂದು ಮಾತ್ರ ಯಾರೂ ಯಾಕೆ ಹೇಳುವುದಿಲ್ಲ?